ಮಗುಚಿ ನೋಡುವ ಅತ್ತೆ

ನಮ್ಮ ಅತ್ತೆ ಇವತ್ತಿನವರೆಗೆ ಯಾವ ವಸ್ತುವನ್ನೂ ನೆಟ್ಟಗೆ ನೋಡಿದವರಲ್ಲ. ಇದು ಚಾಡಿಯಲ್ಲ, ನಿಜ! ಅವರ ಕೈಗೆ ಏನನ್ನೇ ಕೊಡಿ, ಲೋಟವೋ ತಟ್ಟೆಯೋ ಹೂದಾನಿಯೋ, ಮೊದಲು ಅದನ್ನು ಮಗುಚಿ ತಳ ನೋಡುತ್ತಾರೆ. ತಳ ನೋಡಿ ತೃಪ್ತಿಯಾದರೆ ಮಾತ್ರ ಮುಖದ ಕಡೆ ಬರುತ್ತಾರೆ. ಮದುವೆಗೆ ಮುಂಚೆ ನನ್ನ ಯಜಮಾನರನ್ನು ತೋರಿಸಲು ಅವರ ಮನೆಗೆ ಕರೆದುಕೊಂಡು ಹೋದಾಗ ಇವರನ್ನೂ ಎಲ್ಲಿ ಮಗುಚಿಬಿಡುತ್ತಾರೋ ಎಂದು ನಾನು ಒಳಗೊಳಗೇ ಹೆದರಿದ್ದೆ. ಪುಣ್ಯಕ್ಕೆ ಇವರು ಆರಡಿ ಎತ್ತರ!

ಅತ್ತೆ ಎಂದ ಕೂಡಲೇ ಗಂಡನ ತಾಯಿಯ ಮೇಲೆ ದೂರು ಶುರುವಾಯಿತು ಎಂದು ಕಿವಿ ನಿಮಿರಿಸಬೇಡಿ. ಇವರು ನನ್ನ ಅಪ್ಪನ ಅಕ್ಕ. ಮೈಸೂರಿನಲ್ಲಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಮ್ಮ ಮಾವನದೊಂದು ಪಾತ್ರೆ ಅಂಗಡಿ ಇತ್ತು. ಮಾವ ತಕ್ಕಡಿಯ ಮುಂದೆ, ಅತ್ತೆ ಹೆಸರು ಹಾಕುವ ಮೆಷಿನ್ನಿನ ಮುಂದೆ. ಮೂವತ್ತು ವರ್ಷ ಅವರು ಊರವರ ಪಾತ್ರೆಗಳ ಮೇಲೆ 'ಗುರ್ರ್' ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿದ್ದಾರೆ. ನಿಮ್ಮ ಅಡುಗೆಮನೆಯಲ್ಲೂ ಮೈಸೂರಿನ ಕಡೆಯ ಸ್ಟೀಲ್ ಪಾತ್ರೆಯಿದ್ದರೆ ಒಮ್ಮೆ ಮಗುಚಿ ನೋಡಿ. ಅಕ್ಷರದ ಕೊಂಬು ಸ್ವಲ್ಪ ಜಂಬದಿಂದ ಮೇಲೆದ್ದಿದ್ದರೆ ಅದು ನಮ್ಮ ಅತ್ತೆಯ ಕೈಬರಹ, ಅನುಮಾನ ಬೇಡ.

ಪಿಯುಸಿಯಿಂದ ಡಿಗ್ರಿ ಮುಗಿಯುವವರೆಗೆ ಐದು ವರ್ಷ ನಾನು ಅವರ ಮನೆಯಲ್ಲೇ ಇದ್ದು ಓದಿದವಳು. ಅವರಿಗೆ ಮಕ್ಕಳಿಲ್ಲ. ಹಾಗಾಗಿ ನನ್ನ ಲೋಟ, ನನ್ನ ತಟ್ಟೆ, ನನ್ನ ಊಟದ ಡಬ್ಬಿ, ಸ್ನಾನದ ಚೊಂಬು, ಎಲ್ಲದರ ತಳದಲ್ಲೂ ಅವರು ನನ್ನನ್ನು ಕರೆಯುತ್ತಿದ್ದ 'ಪುಟ್ಟಿ' ಎಂಬ ಹೆಸರೇ. ಕಾಲೇಜಿನ ಹುಡುಗಿಯರು ಡಬ್ಬಿ ಮಗುಚಿ ನಗುತ್ತಿದ್ದರು. ನನಗೆ ಪ್ರಾಣ ಹೋದಷ್ಟು ನಾಚಿಕೆ! "ಯಾಕತ್ತೆ ಇದೆಲ್ಲ?" ಎಂದರೆ ಅವರದು ಒಂದೇ ಉತ್ತರ:

"ಇದು ನಂದು ಅಂತ ಜಂಬ ಕೊಚ್ಕೊಳ್ಳೋಕಲ್ಲ ಕಣೇ ಹೆಸರು ಹಾಕೋದು. ಬೇರೆಯವ್ರ ಮನೆ ಸೇರ್ಕೊಂಡ್ರೆ ವಾಪಸ್ ಬರೋಕೆ ದಾರಿ ಗೊತ್ತಿರ್ಲಿ ಅಂತ."

ಮಾವ ತೀರಿಕೊಂಡ ಮೇಲೆ ಇಂಥ ಅತ್ತೆ, ಅಂಗಡಿಯನ್ನು ಮೈದುನನಿಗೆ ವಹಿಸಿ, ಆರು ತಿಂಗಳಿಗೆಂದು ಆಕ್ಲೆಂಡಿಗೆ, ಹಿಲ್ಸ್‌ಬರೋದ ನಮ್ಮ ಮನೆಗೆ ಬಂದರು. ಬರುವಾಗ ಮೆಷಿನ್ನು ತರಲಿಲ್ಲವಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ನಮ್ಮ ಯಜಮಾನರು, ದೊಡ್ಡ ಅಳಿಯ ದೇವರು, ಹಾರ್ಡ್‌ವೇರ್ ಅಂಗಡಿಯಿಂದ ಚಾರ್ಜ್ ಮಾಡುವಂಥ ಕೆತ್ತನೆಯ ಪೆನ್ನೊಂದನ್ನು ತಂದು ಕೊಟ್ಟೇಬಿಟ್ಟರು! ಮೈಸೂರಿನ ಮೆಷಿನ್ನಿಗಾದರೂ ವೈರಿನ ಲಗಾಮಿತ್ತು. ಇದಕ್ಕೆ ಅದೂ ಇಲ್ಲ. ವಾರದಲ್ಲಿ ನಮ್ಮ ಮನೆಯ ಚಮಚಗಳಿಂದ ಹಿಡಿದು ಗ್ಯಾರೇಜಿನ ಸ್ಪ್ಯಾನರುಗಳವರೆಗೆ ಎಲ್ಲಕ್ಕೂ ನಾಮಕರಣ ಮುಗಿಯಿತು.

ಮನೆಯೊಳಗಿನ ಮಾತು ಹೇಗೋ ಆಯಿತು. ಹೊರಗಿನದು ಕೇಳಿ. ನಮ್ಮ ಬೀದಿಯವರು ಬೇಸಿಗೆಯಲ್ಲಿ ಒಂದು ಬಾರ್ಬೆಕ್ಯೂ ಇಡುತ್ತಾರೆ, ಎಲ್ಲರೂ 'ಒಂದು ಪ್ಲೇಟ್' ತರಬೇಕು. ಎಂದರೆ ತಿಂಡಿ ತುಂಬಿದ ಪ್ಲೇಟು. ಅದು ಗೊತ್ತಿಲ್ಲದೆ ಖಾಲಿ ತಟ್ಟೆ ಹಿಡಿದು ಹೋಗುವಷ್ಟು ಹೊಸಬರೇನಲ್ಲ ನಾವು. ಒಂದು ದೊಡ್ಡ ತಟ್ಟೆ ನಿಪ್ಪಟ್ಟೇ ಒಯ್ದಿದ್ದೆವು. ಆದರೆ ಮೇಜಿನ ಮೇಲೆ ಸಾಲಾಗಿ ಇಟ್ಟ ಇಪ್ಪತ್ತು ತಟ್ಟೆ, ಟ್ರೇಗಳನ್ನು ಕಂಡದ್ದೇ ಅತ್ತೆಯ ಮುಖ ಬಾಡಿತು.

"ಒಂದಕ್ಕೂ ಹೆಸರಿಲ್ವಲ್ಲೇ ಪುಟ್ಟಿ! ಸಂಜೆ ಯಾವುದು ಯಾರದ್ದು ಅಂತ ಹೆಂಗೆ ಗೊತ್ತಾಗತ್ತೆ?"

"ಅವರವರದ್ದು ಅವರವರಿಗೆ ಗೊತ್ತಿರತ್ತೆ ಅತ್ತೆ."

"ಎಲ್ರೂ ಹಂಗೇ ಅಂದ್ಕೋತಾರೆ."

ನಾನು ಯಾರೊಂದಿಗೋ ಹತ್ತು ನಿಮಿಷ ಮಾತಾಡಿ ತಿರುಗುವಷ್ಟರಲ್ಲಿ ಹಿತ್ತಲಿನ ನಲ್ಲಿಯ ಬಳಿಯಿಂದ ಪರಿಚಿತವಾದ ಸದ್ದು: ಗುರ್ರ್! ಹೋಗಿ ನೋಡಿದರೆ ಖಾಲಿಯಾದ ತಟ್ಟೆಗಳನ್ನು ತೊಳೆದು ಒರೆಸಿ ಅತ್ತೆ ಕೆಲಸಕ್ಕೆ ಕೂತಿದ್ದಾರೆ. ಪಕ್ಕದ ಮನೆಯ ಎಂಬತ್ತು ವರ್ಷದ ಮಾರ್ಗರೆಟ್ ಅವರ ಅಜ್ಜಿಯ ಕಾಲದ ಕೇಕ್ ತಟ್ಟೆಯ ತಳದಲ್ಲಿ, ಕನ್ನಡದಲ್ಲಿ, ಮುದ್ದಾಗಿ ಮೂಡಿದೆ: 'ಶ್ರೀಮತಿ ಮಾರ್ಗರೆಟ್ಟಮ್ಮ'. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು! ನಾನು ಸಾರಿ ಸಾರಿ ಸಾರಿ ಎಂದು ಆ ಮುದುಕಿಯ ಮುಂದೆ ಹಲ್ಲು ಗಿಂಜುತ್ತಾ ನಿಂತೆ. ಆಕೆ ಕನ್ನಡಕ ಹಾಕಿಕೊಂಡು ತಳವನ್ನು ಬಹಳ ಹೊತ್ತು ನೋಡಿದರು. ಏನು ಬರೆದಿದೆ ಎಂದು ಕೇಳಿದರು. ಮಾರನೆಯ ಬೆಳಿಗ್ಗೆ ಇನ್ನೆರಡು ತಟ್ಟೆ ಹಿಡಿದುಕೊಂಡು ನಮ್ಮ ಬಾಗಿಲು ತಟ್ಟಿದರು.

ಇನ್ನೊಂದು ದಿನ ಹಳೆಯ ಸಾಮಾನು ಮಾರುವ ಆಪ್ ಶಾಪಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕಪಾಟಿನಲ್ಲಿದ್ದ ಅಷ್ಟೂ ಪಾತ್ರೆಗಳನ್ನು ಮಗುಚುತ್ತಾ ಹೋದ ಅತ್ತೆ ಇದ್ದಕ್ಕಿದ್ದಂತೆ "ಅಯ್ಯೋ!" ಎಂದು ಕೂಗಿದರು. ಒಂದು ಸ್ಟೀಲ್ ಚೊಂಬು. ತಳದಲ್ಲಿ ಕನ್ನಡ! ಯಾರೋ ಮದುಮಗಳ ಹೆಸರು, ಕೆಳಗೆ 'ಸೋದರಮಾವನ ಆಶೀರ್ವಾದ'. ಆವತ್ತಿನಿಂದ ಶುರುವಾಯಿತು ನೋಡಿ ಪತ್ತೇದಾರಿ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಚೊಂಬಿನ ಫೋಟೋ, ಚೊಂಬಿನ ತಳದ ಫೋಟೋ, ಅತ್ತೆಯ ಧ್ವನಿಸಂದೇಶ. ಆರನೆಯ ದಿನ ಯಜಮಾನಿ ಸಿಕ್ಕಳು, ಟೌರಂಗಾದಲ್ಲಿ. ಒಂದು ಚೊಂಬಿಗಾಗಿ ನಾವು ಭಾನುವಾರ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಹೋದೆವು ಎಂದರೆ ನೀವು ನಂಬುತ್ತೀರಾ? ಬಾಗಿಲು ತೆರೆದ ಹುಡುಗಿಯ ಮುಖ ನೋಡಿದ ಕ್ಷಣ ನನಗೆ ಅರ್ಥವಾಯಿತು. ಅದು ಕಳೆದುಹೋದ ಚೊಂಬಲ್ಲ, ಬೇಡವೆಂದು ಕೊಟ್ಟ ಚೊಂಬು! "ಮನೆ ಶಿಫ್ಟ್ ಮಾಡೋವಾಗ ಹೆಂಗೋ ಮಿಸ್ಸಾಗ್ಬಿಟ್ಟಿತ್ತು ಆಂಟಿ," ಎಂದು ಆಕೆ ಕೆಂಪಗಾದಳು. ಆಕೆಯ ಪರವಾಗಿ ನಾನೂ ಕೆಂಪಗಾದೆ. ಅತ್ತೆ ಮಾತ್ರ ಕಾಫಿ ಕುಡಿದು, ಲೋಟ ಮಗುಚಿ ನೋಡಿ, ಹರಸಿ ಬಂದರು.

ವಾಪಸ್ ಬರುವಾಗ ದಾರಿಯಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ಬೇಡ ಅಂತಲೇ ಕೊಟ್ಟಿದ್ಳು, ಪಾಪ. ಯಾರಾದ್ರೂ ಬಂದಾಗ ನಾಚ್ಕೆ ಆಗತ್ತೇನೋ. ಇರ್ಲಿ, ಕೆಟ್ಟ ಹುಡುಗಿ ಅಲ್ಲ."

ಇವರಿಗೆ ಎಲ್ಲ ಗೊತ್ತಾಗುತ್ತದೆ ಎನ್ನುವುದನ್ನು ನಾನು ಅವತ್ತೇ ನೆನಪಿಟ್ಟುಕೊಳ್ಳಬೇಕಿತ್ತು.

ಮಾರ್ಚ್ ತಿಂಗಳಲ್ಲಿ ಒಂದು ದಿನ ಅತ್ತೆ ವಾಕಿಂಗ್ ಹೋದವರು ದಾರಿ ತಪ್ಪಿದರು. ಹಿಲ್ಸ್‌ಬರೋದ ಬೀದಿಗಳು ಒಂದರ ಹಾಗೆ ಇನ್ನೊಂದು. ಫೋನು ಮನೆಯಲ್ಲೇ ಚಾರ್ಜಿಗಿತ್ತು. ಎರಡು ಗಂಟೆಯ ನಂತರ ಯಾರೋ ಪುಣ್ಯಾತ್ಮ ಪ್ಲಂಬರ್ ಯೂಟ್ ಎನ್ನುವ ತನ್ನ ಸಾಮಾನು ಸಾಗಿಸುವ ಗಾಡಿಯಲ್ಲಿ, ಪೈಪುಗಳ ಪಕ್ಕ ಕೂರಿಸಿಕೊಂಡು, ಬೀದಿ ಬೀದಿ ಸುತ್ತಿಸಿ ಮನೆ ಹುಡುಕಿಸಿ ತಂದು ಬಿಟ್ಟ. ನಾನು ಗಾಬರಿಯಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಅತ್ತೆ ಮಾರನೆಯ ದಿನದಿಂದ ಎಲ್ಲಿಗೆ ಹೊರಟರೂ ಮೈಸೂರಿನಿಂದ ತಂದಿದ್ದ ಹಳೆಯ ಸ್ಟೀಲ್ ಡಬ್ಬಿಯೊಂದನ್ನು ಚೀಲದಲ್ಲಿಟ್ಟುಕೊಳ್ಳತೊಡಗಿದರು. ಒಳಗೆ ಒಂದು ಹಿಡಿ ಹುರಿಗಡಲೆ. ದಾರಿ ತಪ್ಪಿದರೂ ತಿಂಡಿ ತಪ್ಪಬಾರದಲ್ಲ ಎಂದು ನಾವಿಬ್ಬರೂ ನಕ್ಕೆವು. ಆ ಡಬ್ಬಿಯನ್ನು ಅವರು ಯಾರಿಗೂ ತೊಳೆಯಲು ಕೊಡುತ್ತಿರಲಿಲ್ಲ. "ನಂದು ನಾನು ತೊಳ್ಕೋತೀನಿ ಬಿಡು." ಸರಿ, ವಯಸ್ಸಾದವರ ಹಟ ಎಂದು ಬಿಟ್ಟೆ.

ಇನ್ನು ನನ್ನ ಕಥೆ. ನಾನು ಎರಡು ವರ್ಷದಿಂದ ಗುರುವಾರ ಸಂಜೆ ಕುಂಬಾರಿಕೆ ಕಲಿಯುತ್ತಿದ್ದೇನೆ. ಹಗಲು ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು, ಸಂಜೆ ಮಣ್ಣು ತಿರುಗಿಸುವುದು. ನಾನು ಕಲಾವಿದೆ ಎಂಬ ಭ್ರಮೆ ಸ್ವಲ್ಪ ಸ್ವಲ್ಪವಾಗಿ ನೆತ್ತಿಗೇರಿತ್ತು. ನಾನು ಮಾಡಿ ತಂದ ಬಟ್ಟಲುಗಳನ್ನು ಅತ್ತೆ ಮಗುಚಿ ನೋಡಿ, "ಬಾಯಿ ಚೆನ್ನಾಗಿದೆ ಕಣೇ. ತಳ ಗಡಿಬಿಡೀಲಿ ಮಾಡಿದ್ಯ," ಎನ್ನುತ್ತಿದ್ದರು. ಸ್ಟೀಲ್ ಪಾತ್ರೆಯವರಿಗೆ ಮಣ್ಣಿನ ಮರ್ಮವೇನು ಗೊತ್ತು ಎಂದು ನಾನು ಮುಖ ಊದಿಸಿಕೊಳ್ಳುತ್ತಿದ್ದೆ.

ದಕ್ಷಿಣ ದ್ವೀಪದ ಬೆಟ್ಟಗಳ ನಡುವೆ, ಒಂದು ಸರೋವರದ ದಂಡೆಯಲ್ಲಿ, ಸಣ್ಣದೊಂದು ಜಪಾನಿ ಕಲಾ ಸಂಗ್ರಹಾಲಯವಿದೆ. ಜಪಾನಿನಿಂದ ಬಂದು ನೆಲೆಸಿದ ಹಿರಿಯ ಹೆಂಗಸೊಬ್ಬರು, ಸ್ವತಃ ಕುಂಬಾರರು, ಮನೆಯ ಹಾಗೆ ನಡೆಸುತ್ತಾರೆ. ವರ್ಷಕ್ಕೊಮ್ಮೆ ಆರೇ ಆರು ಜನರನ್ನು ಆರಿಸಿ ಹತ್ತು ದಿನ ಕಲಿಸುತ್ತಾರೆ. ಅರ್ಜಿ ಎಂದರೆ ಇಷ್ಟೇ: ನೀವು ಮಾಡಿದ ಒಂದು ಬಟ್ಟಲು ಹಿಡಿದು, ಅವರು ಹೇಳಿದ ದಿನ ಅಲ್ಲಿಗೆ ಹೋಗಬೇಕು, ಅವರ ಜೊತೆ ಚಹಾ ಕುಡಿಯಬೇಕು. ನನಗೆ ಕರೆ ಬಂತು! ಹದಿನೈದು ದಿನ ನನಗೆ ನಿದ್ದೆ ಬರಲಿಲ್ಲ. ಬದುಕಿನಲ್ಲಿ ನನಗೋಸ್ಕರ ನಾನು ಆಸೆಪಟ್ಟ ಮೊದಲನೆಯ ಸೀಟು ಅದು.

ಯಜಮಾನರಿಗೆ ಅದೇ ವಾರ ದೂರದ ಪೊರಿರುವಾದಲ್ಲಿ ಕೆಲಸ. ಅತ್ತೆಯನ್ನು ಒಬ್ಬರೇ ಬಿಡುವ ಹಾಗಿಲ್ಲ. ಸರಿ, ಕರೆದುಕೊಂಡು ಹೊರಟೆ. ಹೊರಡುವ ಮುಂಚೆ ಆ ಪೆನ್ನನ್ನು ಕದ್ದು ಸಾಕ್ಸುಗಳ ಡ್ರಾಯರಿನಲ್ಲಿ ಬಚ್ಚಿಟ್ಟೆ. ವಿಮಾನದಲ್ಲಿ ಷರತ್ತು ಹಾಕಿದೆ.

"ಅತ್ತೆ, ಅಲ್ಲಿ ಏನನ್ನೂ ಮುಟ್ಟಬಾರದು. ಮಗುಚಬಾರದು."

"ನಿನ್ನಾಣೆಗೂ ಮುಟ್ಟಲ್ಲ ಕಣೇ," ಎಂದರು ಅತ್ತೆ.

ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಅದೇ ತೊಂದರೆಯಾಯಿತು.

ಮಾರನೆಯ ದಿನ ಬೆಳಿಗ್ಗೆ ಮೋಟೆಲಿನಲ್ಲಿ ಅತ್ತೆ ಚಿತ್ರಾನ್ನ ಕಲಸಿ ತಮ್ಮ ಆ ಡಬ್ಬಿಗೇ ತುಂಬಿದರು. ಹತ್ತು ಗಂಟೆಗೆ ನಾವು ಅಲ್ಲಿದ್ದೆವು. ಸರೋವರ ಅಲುಗಾಡದೆ ಮಲಗಿತ್ತು, ಆಚೆ ದಡದ ಬೆಟ್ಟಗಳ ನೆತ್ತಿಯಲ್ಲಿ ಬೇಸಿಗೆ ಕರಗಿಸಲಾರದೆ ಉಳಿಸಿದ ಹಿಮ. ಅತ್ತೆ ನೀರಿಗೊಂದು ಕೈ ಮುಗಿದು, ಅಲ್ಲೇ ನಿಂತು ನೋಡತೊಡಗಿದರು. ನಾನು ಮುಂಚೆ ಒಳಗೆ ಹೋಗಿ ಹೆಸರು ಬರೆಸಿದೆ. ಮುಂಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಮೆತ್ತನೆಯ ಮಾತು, ಮರದ ನೆಲ. ನನ್ನ ಹಾಗೆಯೇ ಬಟ್ಟಲು ಹಿಡಿದು ಬಂದಿದ್ದ ಇನ್ನಿಬ್ಬರು ಹೆಂಗಸರು ಅಲ್ಲೇ ನಿಂತಿದ್ದರು, ಇಬ್ಬರೂ ಬೂದು ಬಣ್ಣದ ಲಿನನ್ ಬಟ್ಟೆ ತೊಟ್ಟವರು, ಇಬ್ಬರೂ ಪಿಸುಮಾತಿನವರು. ನಾನೂ ಪಿಸುಮಾತಿಗೆ ಇಳಿದೆ. ಈ ಬಟ್ಟಲಿನ ಮೌನ, ಆ ಬಟ್ಟಲಿನ ಏಕಾಂತ ಎಂದೆಲ್ಲ ನಾನು ಇಂಗ್ಲಿಷಿನಲ್ಲಿ ಅಂದದ್ದನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಆಗ ಒಳಕೋಣೆಯ ಕಡೆಯಿಂದ ಒಂದು ಗುಸುಗುಸು. ಜನ ಹಿಂದೆ ಸರಿದರು. ತಿರುಗಿ ನೋಡುತ್ತೇನೆ, ಅಲ್ಲಿ ಬಟ್ಟಲುಗಳನ್ನು ದಪ್ಪ ಗಾಜಿನ ಹಲಗೆಯ ಮೇಲೆ ಜೋಡಿಸಿಟ್ಟಿದ್ದಾರೆ. ಹಲಗೆಯ ಅಡಿಯಲ್ಲಿ, ಕಾರಿನ ಕೆಳಗೆ ಮಲಗಿದ ಮೆಕ್ಯಾನಿಕ್ಕಿನ ಹಾಗೆ, ನಮ್ಮ ಅತ್ತೆ ಅಂಗಾತ ಮಲಗಿದ್ದಾರೆ! ಎದೆಯ ಮೇಲೆ ಚೀಲ. ಕೈಯಲ್ಲಿ ಮೊಬೈಲಿನ ಬೆಳಕು. ಗಾಜಿನ ಮೂಲಕ ಒಂದೊಂದೇ ಬಟ್ಟಲಿನ ತಳ ನೋಡುತ್ತಿದ್ದಾರೆ. ಮುಟ್ಟಿಲ್ಲ. ಮಗುಚಿಲ್ಲ. ಮಾತೆಂದರೆ ಮಾತು!

ಮುಂಬಾಗಿಲ ಮೇಜಿನ ಹುಡುಗಿ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದಳು. ಲಿನನ್‌ನವರಿಬ್ಬರೂ ನನ್ನನ್ನೇ ನೋಡುತ್ತಿದ್ದರು. ಅಲ್ಲಿ ಕಂದು ಚರ್ಮದವರೆಂದರೆ ನಾವಿಬ್ಬರೇ.

"ಕ್ಷಮಿಸಿ," ಎಂದಳು ಹುಡುಗಿ, "ಆ ವಯಸ್ಸಾದ ಹೆಂಗಸು ನಿಮ್ಮ ಜೊತೆ ಬಂದವರಾ?"

ಹಲಗೆಯ ಕೆಳಗಿಂದ ಕಾಣುತ್ತಿದ್ದದ್ದು ಎರಡು ಸಾಕ್ಸು ಮತ್ತು ಸೀರೆಯ ಅಂಚು. ಸಾಕ್ಸು ನನ್ನವು. ಸೀರೆ ನಾನೇ ಕೊಡಿಸಿದ್ದು.

"ನೋ," ಎಂದೆ. ಅದೂ ಸಾಲದು ಅಂತ, "ಅವರು ಯಾರೋ ನನಗೆ ಗೊತ್ತಿಲ್ಲ," ಎಂದೂ ಸೇರಿಸಿದೆ. ಕೇಳಿದ್ದು ಒಂದೇ ಪ್ರಶ್ನೆ, ನಾನು ಕೊಟ್ಟದ್ದು ಎರಡು ಉತ್ತರ.

ನೀವು ಓದುವವರು ಈಗ ನನ್ನನ್ನು ಬೈದುಕೊಳ್ಳುತ್ತಿದ್ದೀರಿ, ಗೊತ್ತು. ಬೈಯಿರಿ. ನನಗೂ ಆ ಕ್ಷಣದಲ್ಲಿ ಒಂದು ಸಮಾಧಾನ ಬೇಕಿತ್ತು, ಅತ್ತೆಗೆ ಇಂಗ್ಲಿಷ್ ಎಲ್ಲಿ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ಸುಳ್ಳು! ಮೂವತ್ತು ವರ್ಷ ಅರಮನೆ ನೋಡಲು ಬಂದ ವಿದೇಶಿ ಪ್ರವಾಸಿಗಳಿಗೆ ತಂಬಿಗೆ ಮಾರಿದ ಹೆಂಗಸು ಅವರು. ಹುಡುಗಿ ಹೋಗಿ ಕೈ ಕೊಟ್ಟು ಎಬ್ಬಿಸಿದಳು. ಅತ್ತೆ ಎದ್ದು, ಸೆರಗು ಕೊಡವಿಕೊಂಡು, ನನ್ನ ಕಡೆ ಒಮ್ಮೆ ನೋಡಿದರು. ಕೋಪ ಇರಲಿಲ್ಲ. ಅಂಗಡಿಗೆ ಬಂದ ಗಿರಾಕಿಯ ಕಷ್ಟ ಅರ್ಥ ಮಾಡಿಕೊಂಡಾಗ ಒಂದು ರೀತಿ ನೋಡುತ್ತಾರಲ್ಲ, ಆ ನೋಟ. "ಸಾರಿ, ಸಾರಿ," ಎಂದು ಹುಡುಗಿಗೆ ಹೇಳಿ, ದೂರದ ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು.

ಹನ್ನೊಂದಕ್ಕೆ ಚಹಾ. ಅವತ್ತು ಬಂದ ಪ್ರವಾಸಿಗರನ್ನೂ ಅದಕ್ಕೆ ಕರೆಯುವ ಪದ್ಧತಿ. ಚಾಪೆ ಹಾಸಿದ ಕೋಣೆ, ಗೋಡೆಯಗಲದ ಬಾಗಿಲಾಚೆ ಸರೋವರ. ಆ ಜಪಾನಿ ಹಿರಿಯರು ಬಂದು ಕೂತರು. ಎಂಬತ್ತರ ಹತ್ತಿರದ, ಬೆರಳ ತುದಿಯಷ್ಟೂ ಅವಸರವಿಲ್ಲದ ಹೆಂಗಸು. ಅತ್ತೆ ನನ್ನಿಂದ ಮೂರು ಜನರಾಚೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಹಸಿರು ಚಹಾದ ಬಟ್ಟಲು ಅವರ ಮುಂದೆ ಬಂತು. ಎರಡೂ ಕೈಯಲ್ಲಿ ಎತ್ತಿ ಕುಡಿದರು. ನೊರೆ ಬಿಡದೆ ಖಾಲಿ ಮಾಡಿದರು. ಆಮೇಲೆ ಇದ್ದೇ ಇದೆಯಲ್ಲ! ಬಟ್ಟಲನ್ನು ಚಾಪೆಯ ಹತ್ತಿರ ಬಗ್ಗಿ ಹಿಡಿದು, ಮೊಣಕೈಗಳನ್ನು ಮಂಡಿಗೆ ಊರಿ, ನಿಧಾನಕ್ಕೆ ಮಗುಚಿದರು. ಚಹಾ ಕುಡಿಯಲು ಕೊಟ್ಟ ಬಟ್ಟಲಿಗೆ ನನ್ನ ಷರತ್ತು ಎಲ್ಲಿ ಅನ್ವಯಿಸುತ್ತದೆ ಪಾಪ! ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಆ ಹಿರಿಯರು ಅತ್ತೆಗೆ ತಲೆ ಬಾಗಿಸುತ್ತಿದ್ದರು. ಚಹಾ ಕುಡಿದಾದ ಮೇಲೆ ಬಟ್ಟಲನ್ನು ಕೆಳಗೇ ಹಿಡಿದು, ಮಗುಚಿ, ಮಾಡಿದವರ ಗುರುತು ನೋಡುವುದು ನಮ್ಮಲ್ಲಿ ಅತಿಥಿಯ ಮರ್ಯಾದೆ ಎಂದರು. ಹೇಳಿಕೊಡದೆ ಹಾಗೆ ಮಾಡಿದವರು ಇಲ್ಲಿ ಬಹಳ ಕಡಿಮೆ ಎಂದರು. ಲಿನನ್‌ನವರು ಗಡಬಡಿಸಿ ತಮ್ಮ ಬಟ್ಟಲು ಮಗುಚಿದರು. ಒಬ್ಬರದರಲ್ಲಿ ಇನ್ನೂ ಚಹಾ ಇತ್ತು.

"ಎಲ್ಲಿ ಕಲಿತಿರಿ?" ಎಂದು ಕೇಳಿದರು ಹಿರಿಯರು.

"ಮೈಸೂರ್. ವೆಸೆಲ್ ಶಾಪ್," ಎಂದರು ಅತ್ತೆ.

"ಒಬ್ಬರೇ ಬಂದಿರಾ?"

ಅತ್ತೆ ನನ್ನ ಕಡೆ ನೋಡಲೂ ಇಲ್ಲ. "ಯೆಸ್ ಯೆಸ್. ಅಲೋನ್. ಟೂರಿಸ್ಟ್," ಎಂದರು. ಆಮೇಲೆ, ಏನೋ ಆಗಷ್ಟೇ ಹೊಳೆದವರಂತೆ ನನ್ನತ್ತ ತಿರುಗಿ, ಕೈ ಮುಗಿದು, ಕನ್ನಡದಲ್ಲಿ:

"ನಮಸ್ಕಾರ. ತಾವು ಕನ್ನಡದವ್ರಾ ಮೇಡಂ? ಮುಖ ನೋಡಿದ್ರೆ ಹಂಗೇ ಅನ್ಸತ್ತೆ."

ಜಗತ್ತಿನಲ್ಲಿ ಇಷ್ಟು ಮರ್ಯಾದೆಯಾಗಿ ಯಾರಾದರೂ ಯಾರಿಗಾದರೂ ಕಪಾಳಕ್ಕೆ ಹೊಡೆದದ್ದುಂಟೇ? ಆದರೆ ಅತ್ತೆ ಹೊಡೆದದ್ದಲ್ಲ, ಅದೇ ನನ್ನನ್ನು ಕೊಂದದ್ದು. ನನ್ನ ಸುಳ್ಳು ಬಯಲಾಗದಿರಲಿ ಎಂದು ಅವರು ಅದಕ್ಕೆ ಇನ್ನೊಂದು ಪದರ ಹೊದಿಸುತ್ತಿದ್ದರು. ಹಿರಿಯರಿಗೆ ಬಹಳ ಸಂತೋಷವಾಯಿತು. "ಓ, ಇವರ ಮಾತು ನಿಮಗೆ ಬರುತ್ತದೆಯೇ? ದಯವಿಟ್ಟು ಅನುವಾದಿಸಿ," ಎಂದು ನನ್ನನ್ನು ಅತ್ತೆಯ ಪಕ್ಕಕ್ಕೆ ಕೂರಿಸಿದರು. ಹೀಗೆ ನಾನು ಹೆತ್ತವರಷ್ಟೇ ಹತ್ತಿರದ ಜೀವವೊಂದಕ್ಕೆ ದುಭಾಷಿಯಾಗಿ ನೇಮಕವಾದೆ.

ಆಮೇಲೆ ನಮ್ಮ ಬಟ್ಟಲುಗಳ ಸರದಿ. ನನ್ನದನ್ನು ಹಿರಿಯರು ಕೈಗೆತ್ತಿಕೊಂಡು ಬಾಯಿ ಸವರಿದರು. ಮಗುಚಿದರು. ಅಲ್ಲಿ ಏನೂ ಇರಲಿಲ್ಲ.

"ಇದರಲ್ಲಿ ಗುರುತಿಲ್ಲ. ಇದು ಯಾರದ್ದು?"

"ನನ್ನದೇ. ಹೆಸರು ಹಾಕುವಷ್ಟು ಚೆನ್ನಾಗಿಲ್ಲ ಅನ್ನಿಸಿತು," ಎಂದೆ. ನಿಜ ಬೇರೆ. ತಳದಲ್ಲಿ ಹೆಸರು ಹಾಕಿದರೆ ಪಾತ್ರೆ ಅಂಗಡಿಯ ಕಳೆ ಬರುತ್ತದೆ ಎಂದು ಬೇಕೆಂದೇ ಬಿಟ್ಟಿದ್ದೆ.

ಹಿರಿಯರು ಆ ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟರು. "ನೀವು ತಳ ನೋಡಬಲ್ಲವರು. ಏನನ್ನಿಸುತ್ತದೆ ಹೇಳಿ."

ನೂರು ಸಲ ಬೈದ ತಳ ಅದು. ಅತ್ತೆ ಅದನ್ನು ಮಗುಚಿ, ಬೆರಳಾಡಿಸಿ, ಬೆಳಕಿಗೆ ಹಿಡಿದು, ನನ್ನ ಮುಖ ನೋಡದೆ ಹೇಳಿದರು: "ತಳ ಬಹಳ ಚೆನ್ನಾಗಿ ಬಂದಿದೆ ಅಂತ ಹೇಳಿ ಮೇಡಂ. ಈ ಹುಡುಗಿ ಕೈಲಿ ಕಳೆ ಇದೆ, ಕಲಿಸಿದ್ರೆ ಹೆಸರು ತರ್ತಾಳೆ ಅಂತ ಹೇಳಿ."

ನಮ್ಮ ಅತ್ತೆ ಅಪ್ಪನ ಮುಲಾಜಿಗೆ, ಮಾವನ ವ್ಯಾಪಾರಕ್ಕೆ, ಯಾವುದಕ್ಕೂ ತಳದ ವಿಷಯದಲ್ಲಿ ಸುಳ್ಳು ಹೇಳಿದವರಲ್ಲ. ಆವತ್ತು ಹೇಳಿದರು. ನಾನು ಅದನ್ನು ತೊದಲುತ್ತಾ ಇಂಗ್ಲಿಷಿಗೆ ತಂದೆ. ಹಿರಿಯರು ನಕ್ಕರು. "ಅವರು ದೊಡ್ಡ ಮನಸ್ಸಿನವರು," ಎಂದರು. "ಬಾಯಿ ಚೆನ್ನಾಗಿದೆ. ತಳ ಅವಸರದಲ್ಲಿ ಮಾಡಿದ್ದು. ಮುಂದಿನ ವರ್ಷ ಮತ್ತೆ ಬನ್ನಿ."

ಸೀಟು ಹೋಯಿತು. ಲಿನನ್‌ನವರಲ್ಲಿ ಒಬ್ಬರಿಗೆ ಸಿಕ್ಕಿತು.

ಹೊರಗೆ ನೀರಿನ ಮುಂದೆ ಒಂದು ಬೆಂಚಿತ್ತು. ಅತ್ತೆ ಅದರ ಒಂದು ತುದಿಯಲ್ಲಿ ಕೂತಿದ್ದರು, ನಾನು ಹೋಗಿ ಇನ್ನೊಂದು ತುದಿಯಲ್ಲಿ ಕೂತೆ. ಲಿನನ್‌ನವರು ಇ‌ನ್ನೂ ಅಲ್ಲೇ ಫೋಟೋ ತೆಗೆಯುತ್ತಿದ್ದರು. ಅತ್ತೆ ಡಬ್ಬಿ ತೆಗೆದು, "ಚಿತ್ರಾನ್ನ ತಗೋತೀರಾ ಮೇಡಂ?" ಎಂದರು. ಲಿನನ್‌ನವರ ಕಾರು ಹೊರಟು ತಿರುವು ದಾಟುವವರೆಗೂ ಅತ್ತೆ ಕಾದರು.

"ಹೊರಟ್ರು ಬಿಡು. ಈಗ ತಿನ್ನು ಪುಟ್ಟಿ, ಬೆಳಿಗ್ಗೆಯಿಂದ ಹೊಟ್ಟೇಗೇನೂ ಇಲ್ಲ."

ಅಳು ಒದ್ದುಕೊಂಡು ಬಂತು. "ಅತ್ತೆ, ನಾನು..."

"ಗೊತ್ತು ಬಿಡೇ. ನಾನೂ ಹಂಗೆ ನೆಲದ ಮೇಲೆ ಮಲಕ್ಕೋಬಾರ್ದಿತ್ತು. ನಿಂಗೆ ಮುಖ್ಯವಾದ ದಿನ." ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ಟೌರಂಗಾದ ಆ ಹುಡುಗೀನೂ ಕೆಟ್ಟವಳೇನಲ್ಲ ಕಣೇ."

ಉಪ್ಪೆಲ್ಲಿ, ಕಣ್ಣೀರೆಲ್ಲಿ, ಒಂದೂ ಗೊತ್ತಾಗದೆ ತಿಂದೆ. ತಿಂದಾದ ಮೇಲೆ ಡಬ್ಬಿಯನ್ನು ನಾನೇ ಎತ್ತಿಕೊಂಡೆ. "ಕೊಡಿಲ್ಲಿ, ನಾನು ತೊಳ್ಕೋತೀನಿ," ಎಂದು ಅತ್ತೆ ಎದ್ದರು, ಆದರೆ ಮಂಡಿ ನೋವಿನವರಿಗಿಂತ ನಾನು ಮುಂದೆ. ಗೋಡೆಯ ಬದಿಯ ನಲ್ಲಿಯಲ್ಲಿ ತೊಳೆದು, ನೀರು ಸೋರಲೆಂದು ಮಗುಚಿದೆ.

ಇಷ್ಟು ವರ್ಷ ನನ್ನ ಪಾತ್ರೆಗಳನ್ನೆಲ್ಲ ಅವರು ಮಗುಚಿ ನೋಡಿದ್ದಾರೆ. ಅವರದ್ದೊಂದನ್ನು ನಾನು ಒಮ್ಮೆಯಾದರೂ ಮಗುಚಿ ನೋಡಿದ್ದೆನೇ? ತಳದ ಮಧ್ಯದಲ್ಲಿ ಸವೆದು ಮಾಸಿದ ಹಳೆಯ ಚುಕ್ಕಿಗಳು: 'ಪುಟ್ಟಿ'. ಜಂಬದ ಕೊಂಬು. ನಾನು ಕಾಲೇಜಿಗೆ ಒಯ್ಯಲು ನಾಚುತ್ತಿದ್ದ ಅದೇ ಡಬ್ಬಿ! ಅದರ ಸುತ್ತ, ಹೊಳೆಯುವ ಹೊಸ ಚುಕ್ಕಿಗಳಲ್ಲಿ, ಪುಟ್ಟ ಅಕ್ಷರದಲ್ಲಿ ಬರೆದಿತ್ತು:

'ಈ ಡಬ್ಬಿ ನಮ್ಮ ಪುಟ್ಟಿ ಮನೆಯದು. ಹಿಡಿದಿರುವ ಮುದುಕಿಯೂ ಅವಳ ಮನೆಯವಳೇ. ಸಿಕ್ಕಿದವರು ದಯವಿಟ್ಟು ಅವಳಿಗೆ ತಲುಪಿಸಿ.'

ಕೆಳಗೆ ನನ್ನ ಫೋನ್ ನಂಬರು.

ಹುರಿಗಡಲೆಗಲ್ಲ, ಇದಕ್ಕಾಗಿ ಅವರು ಡಬ್ಬಿ ಹೊತ್ತು ತಿರುಗುತ್ತಿದ್ದದ್ದು. ನಾನು "ಅವರು ಯಾರೋ ಗೊತ್ತಿಲ್ಲ" ಎಂದಾಗಲೂ ಅದು ಅವರ ಎದೆಯ ಮೇಲಿನ ಚೀಲದಲ್ಲೇ ಇತ್ತು.

"ಇಂಗ್ಲಿಷಲ್ಲಿ ಹಾಕೋಣ ಅಂದ್ಕೊಂಡೆ," ಎಂದರು ಹಿಂದೆ ಬಂದು ನಿಂತ ಅತ್ತೆ, ಕದ್ದು ಸಿಕ್ಕಿಬಿದ್ದವರಂತೆ. "ಸ್ಪೆಲ್ಲಿಂಗ್ ತಪ್ಪಾದ್ರೆ ನಿಂಗೆ ಅವಮಾನ ಅಂತ ಕನ್ನಡದಲ್ಲೇ ಹಾಕ್ದೆ. ನಂಬರ್ ಇದ್ಯಲ್ಲ, ಸಾಕು."

ನಾನು ಅವರ ಕೈ ಹಿಡಿದುಕೊಂಡು ಮತ್ತೆ ಒಳಗೆ ನಡೆದೆ. "ಬೇಡ ಕಣೇ, ಮುಂದಿನ ವರ್ಷ ಬಾ ಅಂದಿದ್ದಾರೆ, ಕೆಡಿಸ್ಕೋಬೇಡ," ಎಂದು ಅತ್ತೆ ಗೊಣಗುತ್ತಲೇ ಇದ್ದರು. ಮುಂಬಾಗಿಲ ಮೇಜಿನಲ್ಲಿ ಅದೇ ಹುಡುಗಿ; ಪಕ್ಕದಲ್ಲಿ ಹಿರಿಯರೂ ನಿಂತಿದ್ದರು. ನಾನು ಒದ್ದೆ ಡಬ್ಬಿಯನ್ನು ಅವರ ಮುಂದೆ ಮಗುಚಿಟ್ಟೆ. ಬೆಳಿಗ್ಗೆ ಸುಳ್ಳು ಹೇಳಿದೆ ಎಂದೆ. ಒಂದೊಂದು ಸಾಲಿಗೂ ಬೆರಳಿಟ್ಟು, ತಳವನ್ನು ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದೆ. ಎರಡನೆಯ ಸಾಲಿಗೆ ಬಂದಾಗ ನನ್ನ ದನಿ ಒಡೆದು, ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಹಿರಿಯರು ಕನ್ನಡಕ ಹಾಕಿಕೊಂಡು ಬಗ್ಗಿ ಆ ಚುಕ್ಕಿಗಳನ್ನು ನೋಡುತ್ತಿದ್ದರು.

ಅತ್ತೆ ಬಾಗಿಲಲ್ಲಿ, ಶೂ ಬಿಡಲೋ ಬೇಡವೋ ಎಂದು ನಿಂತಿದ್ದರು. ಮೆಲ್ಲಗೆ ಕೇಳಿದರು:

"ಸರಿಯಾಗಿ ಹೇಳಿದ್ರಾ ಮೇಡಂ?"

"ಹೇಳಿದೆ, ಅತ್ತೆ."